ಅಂತೆ

ಚವತಿ ಮುಗಿದು ವಾರವಾಗಿತ್ತು, ಊರಿನ ನಾಲಿಗೆ ಕಾಯುತ್ತಿತ್ತು.
ಆದರೂ ಗುರುವಾರ ವಾಸ್ಕೋದ ಮೀನು ಮಾರುಕಟ್ಟೆಯಲ್ಲಿ
ಆತುರ ನೊಣಗಳಿಗೆ ಮಾತ್ರ.
ಬಂಗಡೆ ನೂರಕ್ಕೆ ಹದಿನಾಲ್ಕು.
ಮೊನ್ನೆ ಆರು.

ಖಾಲಿ ಚೀಲ ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು
ನಮ್ಮ ಮಹಡಿಯ ವೇರ್ಣೇಕರ ನನ್ನನ್ನು ತಡೆದರು:
ಬೇತುಲ್ ಆಚೆ ಟ್ರಾಲರ್ ಮುಳುಗಿತಂತೆ,
ಹನ್ನೊಂದು ಜನವಂತೆ,
ಒಡಿಶಾದ ಕಡೆಯವರಂತೆ,
ಒಬ್ಬರೂ ಸಿಕ್ಕಿಲ್ಲವಂತೆ.
ಮೀನು ಏನು ತಿಂದಿರುತ್ತದೋ, ನೀವೇ ಯೋಚಿಸಿ.
ಹದಿನೈದು ದಿನ ಕೋಳಿಯೇ ವಾಸಿ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ
ಪಿಯೆದಾದ್ ಬಾಯಿ ಕೊರಳ ಶಿಲುಬೆ ಮುಟ್ಟಿ ಆಣೆ ಇಟ್ಟಳು
ತನ್ನ ಮೀನು ತಾಜಾ ಅಲ್ಲವೆಂದು.
ಸೋಮವಾರದ್ದು, ಸಾಯ್ಬಾ, ಬರ್ಫದಲ್ಲೇ ಇತ್ತು,
ದೋಣಿ ಮುಳುಗುವ ಮೊದಲಿನದು.
ನಾನು ಬಗ್ಗಿ ಕಿವಿರು ಎತ್ತಿ ನೋಡಿದೆ.
ಕೆಂಪಗಿತ್ತು.
ಇಷ್ಟು ವರ್ಷ ಯಾವ ಕೆಂಪು ಹುಡುಕಿ ಬರುತ್ತಿದ್ದೆನೋ
ಅದೇ ಕೆಂಪು ಕಂಡು ಹಿಂದೆ ಸರಿದೆ.
ಆಕೆ ನೋಡಿದಳು. ಏನೂ ಅನ್ನಲಿಲ್ಲ,
ಗೋಣಿಯ ಮೇಲೆ ಇನ್ನಷ್ಟು ನೀರು ಚಿಮುಕಿಸಿದಳು.

ಮನೆಯಲ್ಲಿ ಹೆಂಡತಿಗೆ ಸುದ್ದಿ ಒಪ್ಪಿಸಿದೆ,
ಮುಳುಗಿತಂತೆ, ಸಿಕ್ಕಿಲ್ಲವಂತೆ.
ವೇರ್ಣೇಕರರ ಕೊಂಕಣಿಯಲ್ಲಿ ಅದು ‘ಖಂಯ್’,
ನನ್ನ ಬಾಯಲ್ಲಿ ‘ಅಂತೆ’.
ಎಷ್ಟು ಅನುಕೂಲದ ಮಾತು! ಕ್ರಿಯಾಪದದ ಬಾಲಕ್ಕೆ ಕಟ್ಟಿದರೆ ಸಾಕು,
ಹೆಣ ನಮ್ಮ ಅಂಗಳಕ್ಕೆ ಬರುವುದಿಲ್ಲ.
ಪಾಪ, ಅಂದಳು ಅವಳು.
ತತ್ತಿ ತರಬಹುದಿತ್ತಲ್ಲ, ಅಂದಳು.

ಬಂದರಿನಲ್ಲಿ ನನ್ನ ಕೆಲಸ ಎಣಿಕೆ.
ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಒದ್ದೆಯಾಯಿತು.
ಹನ್ನೊಂದು ನನಗೆ ದೊಡ್ಡ ಅಂಕಿಯಲ್ಲ.
ಆದರೆ ಆ ರಾತ್ರಿ ಸುಮ್ಮಸುಮ್ಮನೆ
ಖಾರಿವಾಡದ ರೀಚಾರ್ಜ್ ಅಂಗಡಿ ನೆನಪಾಯಿತು.
ಒಬ್ಬ ಹುಡುಗ, ತೊಡೆಗೆ ಅಂಟಿದ ಹುರುಪೆ,
ಫೋನಿನಲ್ಲಿ ತನ್ನ ಭಾಷೆಯಲ್ಲಿ ಕೂಗುತ್ತಿದ್ದ.
ಕೂಗಬೇಡವೋ, ಅಂದಿದ್ದೆ,
ಕೂಗಬಾರದು ಅಂತಲೇ ಅಲ್ಲವೇ ಫೋನು ಕಂಡುಹಿಡಿದದ್ದು.
ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು.
ಅವನೂ ನಕ್ಕ, ಅರ್ಥವಾಗದೆ.
ಹನ್ನೊಂದರಲ್ಲಿ ಅವನಿದ್ದನೋ ಇಲ್ಲವೋ,
ಕೇಳುವುದಾದರೂ ಯಾರನ್ನು, ಏನೆಂದು ಕೇಳುವುದು?
ಹುರುಪೆ ಇದ್ದವನು, ಅಂತಲೇ?

ಕಿತ್ತೂರಿನ ಹತ್ತಿರ ಭಾವನ ಲಾರಿ ಉರುಳಿದ ದಿನ
ನಮ್ಮ ಮನೆಯಲ್ಲಿ ಯಾರೂ ‘ಅಂತೆ’ ಅನ್ನಲಿಲ್ಲ.
ಅಕ್ಕ ‘ಹೋದ’ ಅಂದಳು. ಒಂದೇ ಮಾತು,
ಹಿಂದೆ ಮುಂದೆ ಏನೂ ಇಲ್ಲದ್ದು.
ಅದೇ ಹೊತ್ತಿಗೆ ರಸ್ತೆ ಬದಿಯ ಯಾವುದೋ ಚಹಾದಂಗಡಿಯಲ್ಲಿ
ಯಾರೋ ಬಶಿಗೆ ಊದುತ್ತ ಅಂದಿರಬೇಕು
ಲಾರಿ ಬಿತ್ತಂತೆ, ಟೊಮ್ಯಾಟೊ ಎಲ್ಲ ರಸ್ತೆಯ ಮೇಲಂತೆ,
ಹುಬ್ಬಳ್ಳಿ ಬಸ್ಸು ಎರಡು ತಾಸು ತಡವಂತೆ.
ಅವನ ಮೇಲೆ ನನಗೆ ಸಿಟ್ಟಿಲ್ಲ.
ಇತ್ತು, ಈಗ ಇಲ್ಲ. ಈಗ ಅವನ ಮುಖ
ನನ್ನದೇ ಗಡ್ಡ ಹೆರೆಯುವ ಕನ್ನಡಿಯಲ್ಲಿ.

ಹನ್ನೆರಡನೆಯ ದಿನ ಬಂಗಡೆ ನೂರಕ್ಕೆ ಏಳು.
ಇವತ್ತಿನದೇ, ಬೆಳಗಿನ ಜಾವದ್ದೇ, ಎಂದು ಪಿಯೆದಾದ್
ಮತ್ತೆ ಶಿಲುಬೆ ಮುಟ್ಟಿದಳು.
ಎಷ್ಟು ಜನ ಸಿಕ್ಕರು ಎಂದು ಕೇಳಬೇಕೆಂದಿದ್ದೆ.
ತಲೆ ತೆಗೆದು ಕೊಡು, ಅಂದೆ.

ಮೀನುಗಾರಿಕೆ ಕಚೇರಿಯ ಗೋಡೆಗೆ ಒಂದು ಹಾಳೆ,
ಮೇಲಿನ ಮೂಲೆ ಮಳೆಗೆ ಕಳಚಿ ಜೋತಿತ್ತು.
ಬೆರಳಲ್ಲಿ ಒತ್ತಿ ಹಿಡಿದು ಓದಿದೆ.
ಚೋಡಿಪಲ್ಲಿ ದಾನಯ್ಯ.
ಲೋಕನಾಥ ಬೆಹೆರಾ.
ಹೆಸರಿಗೆ ‘ಅಂತೆ’ ಹತ್ತುವುದಿಲ್ಲ, ಪ್ರಯತ್ನಿಸಿ ನೋಡಿದೆ,
ಜಾರಿ ಬೀಳುತ್ತದೆ.
ಮೂರನೆಯದು ಅರ್ಧ ಓದುವಷ್ಟರಲ್ಲಿ
ಬಸ್ಸು ಬಂತು.

ಹತ್ತಿದೆ.
ಚೀಲ ತೊಟ್ಟಿಕ್ಕುತ್ತಿತ್ತು.
ಪಕ್ಕದವನು ಮೊಬೈಲಿನಿಂದ ಕಣ್ಣೆತ್ತದೆ
ಕಾಲು ಸರಿಸಿಕೊಂಡ.