ನಕಾಶೆಯ ಮೂರನೇ ತಿದ್ದುಪಡಿ

ಮಳವಳ್ಳಿಯಿಂದಾಚೆ, ನಾಲೆಯ ಏರಿಗೆ ಒರಗಿಕೊಂಡು
ಹನ್ನೊಂದು ಎಕರೆ ಆರು ಗುಂಟೆ.
ಪಹಣಿಯಲ್ಲಿ ಗೋಮಾಳ,
ಕಡತದಲ್ಲಿ ಈಗ ಐದು ದೇಶಗಳ
ಶುದ್ಧ ಇಂಧನ ಸಹಕಾರ ಕೇಂದ್ರ, ಪ್ರಸ್ತಾವಿತ.
ಊರವರ ಬಾಯಲ್ಲಿ ಇನ್ನೂ ಕತ್ತಾಳೆ ಮಾಳ.
ನಾನು ನಕಾಶೆಯವಳು.
ಇನ್ನೂ ಇಲ್ಲದ ಗೋಡೆಗಳಿಗೆ ಗೆರೆ ಎಳೆಯುವುದು ನನ್ನ ಸಂಬಳ.

ಮೊದಲ ತಿದ್ದುಪಡಿ ಬಾವುಟದ ಕಂಬಗಳಿಗೆ.
ಯಾರದು ಮೊದಲು?
ಇಂಗ್ಲಿಷ್ ಅಕ್ಷರದ ಸಾಲಿಗೆ ಒಬ್ಬರು ಮುಖ ಕಿವುಚಿದರು,
ಮೆಗಾವಾಟಿನ ಸಾಲಿಗೆ ಇನ್ನಿಬ್ಬರು.
ನಾನು ಸುಮ್ಮನೆ ನಮ್ಮ ಅಕ್ಷರಮಾಲೆಯಂತೆ ಬರೆದಿಟ್ಟೆ:
ನೇಪಾಳ, ಬಾಂಗ್ಲಾದೇಶ, ಭಾರತ, ಭೂತಾನ, ಶ್ರೀಲಂಕಾ.
ಅತಿಥಿಗಳಾರಿಗೂ ಓದಲು ಬರಲಿಲ್ಲ,
ಹಾಗಾಗಿ ಎಲ್ಲರೂ ಒಪ್ಪಿದರು.

ಎರಡನೆಯದು ಅಡುಗೆಮನೆಗೆ.
ಮೀನಿಗೆ ಬೇರೆ ಒಲೆ, ಒಲೆಗೊಂದು ಚಿಮಣಿ.
"ಈ ಮನೆಗೂ ಚಿಮಣಿಯೇ?" ನಕ್ಕರು ಢಾಕಾದ ಫರ್ಹಾನಾ.
ಅಷ್ಟರಲ್ಲಿ ಪಕ್ಕದ ಆಲೆಮನೆಯ ಹೊಗೆ
ಬೆಲ್ಲದ ವಾಸನೆ ಹೊತ್ತು
ಶಾಮಿಯಾನದೊಳಗೆ ಬಂದು ಕೂತಿತು, ಕರೆಯದೆ.

ಆಮೇಲೆ ಎರಡು ದಿನ ಒಂದೇ ಮಾತು.
ಚಳಿಗಾಲದಲ್ಲಿ ಹಿಮದ ಹೊಳೆಗಳು ಬಡವಾಗುತ್ತವೆ,
ಸಂಜೆಯಾದರೆ ಬಿಸಿಲು ಸಾಲ ಕೊಡುವುದಿಲ್ಲ,
ಕೊರತೆ ಬಿದ್ದಾಗ ಮೊದಲು ಯಾರ ತಂತಿ ಕಡಿಯುವುದು?
ಮದ್ದೂರು ವಡೆ ತಣ್ಣಗಾಯಿತು.

ಜಾಗ ನೋಡಲು ಹೊರಟಾಗ
ಕಾಠ್ಮಂಡುವಿನ ಥಪಲಿಯಾ ಎಡವಿದ್ದು ತೂಬಿನ ಕಲ್ಲಿಗೆ.
ಗುದ್ದಲಿ ಊರಿ ನಿಂತಿದ್ದ ನೀರುಗಂಟಿ ಜವನಪ್ಪ
ಕೈಕೊಟ್ಟು ಎಬ್ಬಿಸಿದ.
ಬ್ಲಫ್‌ನಲ್ಲಿ ಹುಟ್ಟಿದ ಮೊದಲ ಕರೆಂಟು
ತನ್ನೂರ ತಲೆಯ ಮೇಲೆ ಹಾದು ಕೋಲಾರದ ಗಣಿಗೆ ಹೋದದ್ದನ್ನು
ಬುಡ್ಡಿದೀಪದ ಬೆಳಕಲ್ಲಿ ಕೇಳಿ ಬೆಳೆದವನು.

ನೀರನ್ನು ಹೇಗೆ ಹಂಚುತ್ತೀರಿ, ಕೇಳಿದರು.

"ಕಮ್ಮಿಯಾದ್ ವರ್ಸ ಮೊದ್ಲು ಕೊನೆಗದ್ದೆಗೆ ಕನ್ರವ್ವ.
ತಲೆಗದ್ದೆಯವ್ನು ಕಣ್ಣಲ್ಲಾದ್ರೂ ನೀರ್ ನೋಡ್ತಾನೆ, ತಡ್ಕೋತಾನೆ.
ಕೊನೆಯವ್ನಿಗೆ ಬರೀ ಮಾತು ಬತ್ತದೆ.
ಮಾತ್ಗೆ ಪೈರು ಬರಾಕಿಲ್ಲ."

ನಾನು ಇಂಗ್ಲಿಷಿಗೆ ತಂದೆ. ಅರ್ಧ ಬಂತು,
ಉಳಿದರ್ಧ ಅವನ ಕೈ ತೋರಿಸಿದ ದಿಕ್ಕಿನಲ್ಲಿತ್ತು.

ಮುಟ್ಟಿತೆಂದು ಗೊತ್ತಾಗುವುದು ಹೇಗೆ? ಮೀಟರೇ?
"ರಾತ್ರೆ ಕಪ್ಪೆ ಕೂಗ್ತವೆ.
ಎಲ್ಲಿಗಂಟ ಕೂಗೋ, ಅಲ್ಲಿಗಂಟ ನೀರು."
ಭೂತಾನದ ದೆಚೆನ್ ಅದನ್ನು ಬರೆದುಕೊಂಡರು, ನಗದೆ.

ಆಮೇಲೆ ಯಾರೋ ಕೇಳಿದರು, ಲೋಕಾಭಿರಾಮವಾಗಿ:
ಈ ಹೊಳೆ ಇಲ್ಲಿಂದ ಮುಂದೆ ಎಲ್ಲಿಗೆ?

ಅಧಿಕಾರಿಗಳು ಫೋನು ನೋಡಿದರು.
ತಹಸೀಲ್ದಾರರಿಗೆ ಕೆಮ್ಮು ಬಂತು.
ನನಗೆ ಹನ್ನೆರಡು ವರ್ಷದ ನಾನು ನೆನಪಾದೆ:
ಮಂಡ್ಯದ ಹೆದ್ದಾರಿ ಮಧ್ಯೆ ಯೂನಿಫಾರಮ್ಮಿನಲ್ಲಿ ಕೂತು
ಸುಡುವ ಟೈರಿನ ಹೊಗೆಯಲ್ಲಿ
ಒಂದು ಹನಿಯೂ ಬಿಡೆವು ಎಂದು ಗಂಟಲು ಹರಿದುಕೊಂಡು,
ಯಾರೋ ಕೊಟ್ಟ ಐಸ್‌ಕ್ಯಾಂಡಿ ಚೀಪುತ್ತಾ.
ಆ ಕಡೆಗೂ ಒಂದು ಕೊನೆಗದ್ದೆ ಇರುತ್ತದೆಂದು
ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.
ನಮ್ಮ ಗದ್ದೆ ಒಣಗಿದ್ದೂ ಸುಳ್ಳಲ್ಲ.

"ಮುಂದಕ್ಕೆ," ಅಂದ ಜವನಪ್ಪ.
ಅದನ್ನು ನಾನು ಅನುವಾದಿಸಲಿಲ್ಲ.

ಮೂರನೇ ತಿದ್ದುಪಡಿ:
ತೂಬು ಇದ್ದಲ್ಲೇ ಇರಲಿ, ಸಭಾಂಗಣ ಆರು ಮೀಟರ್ ಹಿಂದೆ ಸರಿಯಲಿ,
ಕಾರುಗಳ ಜಾಗ ಕಡಿಮೆಯಾಗಲಿ.
ಕಂಪ್ಯೂಟರಿನಲ್ಲಿ ತೂಬಿಗೆ ಗುರುತಿಲ್ಲ,
ಪ್ರಿಂಟು ತೆಗೆದ ಮೇಲೆ ಪೆನ್ನಿನಲ್ಲಿ ಸೊನ್ನೆ ಸುತ್ತಿದೆ,
ತುಸು ಸೊಟ್ಟಗಾಯಿತು.
ನಡಾವಳಿಯಲ್ಲಿ ಬರೆದಿದ್ದಾರೆ,
ಅಳತೆಯ ವಿಧಾನ: ಮುಂದಿನ ಸಭೆಗೆ.

ಹೊರಡುವಾಗ ಜವನಪ್ಪ ಕೇಳಿದ್ದು ಒಂದೇ:
"ರಾತ್ರೆಯೆಲ್ಲ ಲೈಟ್ ಉರೀತವಾ ಅವ್ವಾ?
ಬೆಳಕಿದ್ರೆ ಕಪ್ಪೆ ಬಾಯ್ ಬಿಡಾಕಿಲ್ಲ."

ಏರಿಯ ಬದಿಯ ಎರಡು ದೀಪದ ಕಂಬ ಅಳಿಸಿದ್ದೇನೆ.
ಪಟ್ಟಿಯಲ್ಲಿ ಸೇರಿಸಿಲ್ಲ.
ಇನ್ನೂ ಯಾರೂ ಎಣಿಸಿಲ್ಲ.