ಸಾವಕಾಶ

ಬೆಳಗಿನ ಐದಕ್ಕೆ ಎಡಗಡೆಯದು ಅವಳಿಗೆ,
ಬಲಗಡೆಯದು ಬಾಟಲಿಗೆ.
ಎರಡೂವರೆ ಔನ್ಸು.
ಬಲ್ಬಿನ ಬೆಳಕಿಗೆ ಹಿಡಿದು ನೋಡುತ್ತೇನೆ,
ಅಂಟಿಸಿದ ನೋಟನ್ನು ನೋಡುವ ಹಾಗೆ.

ಐಸು ಬೈತಖೋಲ ಬಂದರಿನದು.
ಬಂಗಡೆಗೆಂದು ಒಡೆದದ್ದರಲ್ಲಿ ಒಂದು ತುಂಡು
ನಾದಿನಿಯ ಗಂಡ ತಂದಿಡುತ್ತಾನೆ.
ಪ್ಲಾಸ್ಟಿಕ್ಕಿಗೆ ಸುತ್ತಿ, ಮತ್ತೆ ಸುತ್ತಿ,
ಸ್ಟೀಲ್ ಡಬ್ಬಿಯಲ್ಲಿ ಬಾಟಲಿಯ ಪಕ್ಕ ಮಲಗಿಸಿ
ಕೋಡಿಬಾಗದಲ್ಲಿ ಎಸ್ಪರಾನ್ಸಬಾಯಿಯ ಕೈಗೆ ಕೊಟ್ಟು
ಡಿಪೋಗೆ ಓಡುತ್ತೇನೆ. ಓಡುವಾಗ ತಿರುಗಿ ನೋಡುವುದಿಲ್ಲ.
ಅವಳ ಪಡಸಾಲೆಯಲ್ಲಿ ಏಳು ಚಾಪೆ.
ಏಳನೆಯದು ನಮ್ಮ ಸ್ವರಾಲಿಯದು, ಎಂಟು ತಿಂಗಳಿನವಳದು.

ಸಂಜೆ ಒಂದು ನೋಟುಬುಕ್ಕು ಬರುತ್ತದೆ,
ನನ್ನ ವೇಬಿಲ್ಲಿಗಿಂತ ಚೊಕ್ಕ:
ಹತ್ತು ಗಂಟೆ, ರಾಗಿ ಮಣ್ಣಿ, ಆರು ಚಮಚ.
ಹನ್ನೆರಡೂವರೆ, ಕುಚ್ಚಲಕ್ಕಿ ಗಂಜಿ, ಬಟ್ಟಲು ಖಾಲಿ.
ಮೂರು, ಬಾಳೆಹಣ್ಣು, ಇನ್ನೂ ಬೇಕೆಂದು ಅತ್ತಳು.
ಹಾಲು, ಒಂದು ಗುಟುಕು. ಉಳಿದದ್ದು ವಾಪಸು.

ವಾಪಸು.
ಚಿಲ್ಲರೆ ವಾಪಸು ಕೊಟ್ಟು ರೂಢಿಯಿದೆ,
ಹೀಗೆ ತೆಗೆದುಕೊಂಡು ಇಲ್ಲ.
ಬಚ್ಚಲಿಗೆ ಚೆಲ್ಲಲು ಮನಸ್ಸಾಗದೆ
ಕರಿಬೇವಿನ ಬುಡಕ್ಕೆ ಹಾಕಿದೆ. ಅತ್ತೆ ಕಂಡೂ ಕಾಣದಂತೆ ಒಳಗೆ ಹೋದರು.
ಒಂದು ಬಟ್ಟಲು ಗಂಜಿಯ ಮೇಲೆ ಹೊಟ್ಟೆಕಿಚ್ಚು ಬರುತ್ತದೆಂದು
ಯಾರಾದರೂ ಮೊದಲೇ ಹೇಳಬಾರದಿತ್ತೆ?

ಮಾಜಾಳಿಯ ಮೂರನೇ ಟ್ರಿಪ್ಪು. ಮಧ್ಯಾಹ್ನ. ಕಾಳಿ ಸೇತುವೆ.
ಹಿಂದಿನ ಸೀಟಿನಲ್ಲಿ ಯಾರದೋ ಕೂಸು ಅತ್ತಿತು.
ನನ್ನದಲ್ಲ ಅದು ಎಂದು
ಎದೆಗೆ ಯಾರು ಹೇಳಬೇಕು?
ತೊರೆ ಬಿಟ್ಟಿತು.
ಖಾಕಿಯ ಮೇಲೆ ಮೊದಲು ಎಂಟಾಣೆಯಷ್ಟು,
ಸದಾಶಿವಗಡ ಮುಟ್ಟುವಾಗ ಅಂಗೈಯಷ್ಟು.
ದುಡ್ಡಿನ ಚೀಲ ಎದೆಗವಚಿಕೊಂಡು ಕೂಗಿದೆ,
"ಚಿತ್ತಾಕುಲ ಯಾರು ಇಳೀತೀರಿ? ಮುಂದೆ ಬನ್ನಿ."

ಖಾಲಿ ಬುಟ್ಟಿ ಕಾಲಡಿ ಇಟ್ಟುಕೊಂಡ ಮಂಕಾಳಿ
ಸೊನ್ನೆ ಟಿಕೆಟ್ಟು ಹರಿಸಿಕೊಳ್ಳುತ್ತ ನನ್ನನ್ನೇ ನೋಡಿದಳು.
"ಚೀಲ ಅಲ್ಯಾಕೆ ಕೂತದೆ ಅಂತ ಗೊತ್ತಾಗ್ತದೆ ನಮ್ಗೆ.
ಎಷ್ಟು ತಿಂಗ್ಳು?"
ಎಂಟು.
"ಮೊದ್ಲು ಹಾಲೋ, ಮೊದ್ಲು ಗಂಜಿಯೋ?"
ನಾನು ಕೇಳಿಯೇ ಇರಲಿಲ್ಲ.
"ತುಂಬಿದ ದೋಣಿಗೆ ಮತ್ತೆ ಬುಟ್ಟಿ ಏರಿಸ್ತಾರಾ ಯಾರಾದ್ರೂ?
ಮೊದ್ಲು ಹಾಲು. ತಾಸು ಬಿಟ್ಟು ಗಂಜಿ. ಅತ್ರೆ ಅಳ್ಲಿ."
ಅಷ್ಟು ಹೇಳಿ ತಲೆವಸ್ತ್ರದ ಸಿಂಬಿ ಬಿಚ್ಚಿ ಕೊಟ್ಟಳು.
ಮೀನಿನ ವಾಸನೆಯದು. ಒತ್ತಿಕೊಂಡೆ.

ಮರುದಿನ ನೋಟುಬುಕ್ಕಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆ,
ಮೊದಲು ಹಾಲು.
ಬರೆದ ಮೇಲೆ ದಯವಿಟ್ಟು ಎಂದು ಸೇರಿಸಿದೆ.
ಸಂಜೆಗೆ ಎಸ್ಪರಾನ್ಸಬಾಯಿಯ ಉತ್ತರ:
ಹಾಲು, ಒಂದೂವರೆ ಔನ್ಸು.
ಗಂಜಿ, ಅರ್ಧ ಬಟ್ಟಲು.
ಸಿಟ್ಟು, ತುಂಬ.

ಉಳಿದ ಬಾಕಿಯನ್ನು ರಾತ್ರಿ ವಸೂಲಿ ಮಾಡುತ್ತಾಳೆ,
ಒಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ,
ಮುಷ್ಟಿಯಲ್ಲಿ ನನ್ನ ತಾಳಿ ಹಿಡಿದು, ಕಣ್ಣು ಮುಚ್ಚಿ.
ಬಾಯಿ ಬಿಟ್ಟರೆ ಗಂಜಿಯ ಕಂಪು,
ಕೂದಲಲ್ಲಿ ಬೇರೊಂದು ಮನೆಯ ಕೊಬ್ಬರಿ ಎಣ್ಣೆ.
ಈ ಹೊತ್ತಿಗೆ ಅಳಿವೆಯಲ್ಲಿ ಉಬ್ಬರ ಏರುತ್ತಿರಬೇಕು,
ಸೇತುವೆಯ ಕೆಳಗೆ ಸಪ್ಪೆ ನೀರು
ಉಪ್ಪು ನೀರಿಗೆ ಚೂರು ಸರಿದು ಕೂರುತ್ತಿರಬೇಕು.
ಎಡದಿಂದ ಬಲಕ್ಕೆ ಬದಲಿಸುತ್ತೇನೆ.

ಹೊಸ ಹಲ್ಲು ತಾಗುತ್ತದೆ.
"ಸಾವಕಾಶ," ಎನ್ನುತ್ತೇನೆ,
ಇಳಿಯುವವರಿಗೆ ಹೇಳುವ ಅದೇ ದನಿಯಲ್ಲಿ,
"ಸಾವಕಾಶ.
ಗಾಡಿ ನಿಂತಿಲ್ಲ ಇನ್ನೂ."