ನೆಳ್ಳಿನ ಪಾಲು

ನಲವತ್ತು ಸೆಕೆಂಡಿನ ಸಿನಿಮಾ,
ಸೆಕೆಂಡಿಗೆ ಹನ್ನೆರಡು ಫೋಟೊ.
ಕರೆಂಟ್ ಬಿಲ್ಲಿನ ಹಿಂದ ಲೆಕ್ಕ ಮಾಡಿ
ನಿಲೂಫರ್ ಅಂದಳು: ನಾನೂರ ಎಂಬತ್ತು.
ಇಷ್ಟೇನಾ, ಅಂದೆ ನಾನು.
ಆಗಿನ್ನೂ ಏಪ್ರಿಲ್ ಮೊದಲ ವಾರ,
ಕಲಬುರಗಿ ತನ್ನ ಕೆಲಸ ಶುರು ಮಾಡಿದ್ದಿಲ್ಲ.

ಮೊದಲ ಕತ್ತೆ ಎರಿಮಣ್ಣಿಂದು.
ಮಧ್ಯಾಹ್ನಕ್ಕ ಬೆನ್ನು ಬಿರಿದು
ಸಂಜಿಗೆ ಕಾಲು ಬ್ಯಾರೆ, ಹೊಟ್ಟಿ ಬ್ಯಾರೆ ಆಯ್ತು.
ಮಣ್ಣೆತ್ತಿನ ಅಮಾಸಿಗೆ ನೀ ಮಾಡೋ ಎತ್ತು
ಹಿಂಗ ಒಡೀತಿದ್ದಿಲ್ಲಲ್ಲ, ಅಂತ ಅವ್ವಗ ಫೋನ್ ಮಾಡಿ ಕೇಳಿದೆ.
"ಅವು ಜಗಲಿ ಮ್ಯಾಲ ಸುಮ್ಮ ನಿಂತಿರ್ತಾವ,
ಪೂಜಿ ಮಾಡಿಸ್ಕೋತಾವ.
ನೀ ನಡಿ ಅಂತೀ.
ನಡಿ ಅಂದ್ರ ಯಾವುದೂ ಬಿರೀತದ."

ಎರಡನೇದು ಸೂಪರ್ ಮಾರ್ಕೆಟ್ಟಿನಿಂದ ತಂದ ಎಣ್ಣೆಜೇಡಿ;
ಒಳಗ ವೈರು, ಕಣ್ಣಿಗೆ ಸಾಸಿವಿ.
ನಾಯಿಗೂ ಸಾಸಿವಿ. ಕೋಳಿಯ ಕೊಕ್ಕಿಗೆ ಮಾತ್ರ
ಡಬ್ಬಿಯೆಲ್ಲ ಹುಡುಕಿ ಆರಿಸಿದ ಒಂದು ತೊಗರಿಬ್ಯಾಳಿ.
ಮೋಮಿನಪುರದ ಅವರ ಮನ್ಯಾಗ ಮೆಟ್ಟಲ ಕೆಳಗ ತಂಪು ಜಾಗ,
ಶಹಾಬಾದ್ ಕಲ್ಲಿನ ತುಂಡು ನಮ್ಮ ಬಯಲು.
ಸೂರ್ಯ ಅಂದ್ರ ಓದೋ ಲ್ಯಾಂಪು.
ಗೋಡಿ ಮ್ಯಾಲ ಸೀಮೆಸುಣ್ಣದ ಕಮಾನು ಬರೆದು
ಫೋಟೊಕ್ಕೊಂದು ಕೂದಲೆಳಿ ಅದನ್ನ ಸರಿಸಬೇಕು.

ಕಥಿ ಇಷ್ಟೇ:
ಒಂದು ಬೇವಿನ ಗಿಡ, ಅದರ ಕೆಳಗ ಒಂದು ತುಂಡು ನೆಳ್ಳು.
ಕೋಳೀನ ನಾಯಿ ಓಡಿಸ್ತದ, ನಾಯೀನ ಕತ್ತೆ ಒದೀತದ.
ಗೆದ್ದ ನೆಳ್ಳಾಗ ಕತ್ತೆ ಒಂದೇ ನಿಂತಿರೂದ್ರಾಗ
ಹೊತ್ತು ಮುಳುಗ್ತದ.
ಎಲ್ಲಾ ಕಡೆ ನೆಳ್ಳು.

ಹಗಲೆಲ್ಲ ಪಾತ್ರಗಳು ಫ್ರಿಜ್ಜಿನ್ಯಾಗ,
ಮೊಸರಿಗೂ ನಾನಿಯ ಇನ್ಸುಲಿನ್ನಿಗೂ ನಡುವ.
ರಾತ್ರಿ ಹನ್ನೊಂದಕ್ಕ ತೆಗೆದು
ಕಿವಿ ಒಂದಿಷ್ಟು, ಬಾಲ ಒಂದಿಷ್ಟು, ಕೈ ಹಿಂದಕ್ಕ, ಕ್ಲಿಕ್.
ಫ್ಯಾನ್ ಹಚ್ಚಂಗಿಲ್ಲ, ಎಲಿ ಅಲುಗ್ತಾವ.
ಮಂಚದ ಮ್ಯಾಲಿಂದ ನಾನಿ ಕೇಳ್ತಾರ:
"ಇನ್ನೂ ಒದೀಲಿಲ್ಲೇನು ಬೇಟಿ?"
ಮೂರು ದಿನದಿಂದ ಆ ಕಾಲು ಗಾಳ್ಯಾಗಿತ್ತು.

ಇನ್ನೂರ ಹನ್ನೊಂದನೇ ಫೋಟೊಕ್ಕ ಕರೆಂಟ್ ಹೋಯ್ತು.
ಕತ್ತಲಾಗ ನಾನಿ ತಮ್ಮ ಗಂಡನ ಟಾಂಗಾದ ಮಾತು ತೆಗೆದರು.
ಸ್ಟೇಷನ್ ಮುಂದ ಬಿಸಿಲಿಗೆ ನಿಂತು ನಿಂತು
ಅವರ ಕುದುರಿ, ಪಕ್ಕದ ಟಾಂಗಾದ ಕುದುರಿ ಮ್ಯಾಲ
ಗದ್ದ ಇಟ್ಟು ನಿದ್ದಿ ಹೋಗ್ತಿತ್ತಂತ.
ಆ ಟಾಂಗಾದವನ ಸಂಗಟ ಇವರಿಗೆ
ಹನ್ನೊಂದು ವರ್ಷ ಮಾತಿದ್ದಿಲ್ಲ.

ಲೈಟು ಬಂದಾಗ ನೋಡಿದ್ರ
ಒದೀಬೇಕಾದ ಕಾಲು ಮೆತ್ತಗಾಗಿ ಕೆಳಗಿಳಿದದ,
ಕುತ್ತಿಗಿ ಬಾಗಿ ಬಾಗಿ
ನಾಯಿಯ ಬೆನ್ನ ಮ್ಯಾಲ ಮಲಗ್ಯದ.
ನೆಟ್ಟಗ ಮಾಡ್ಲಿಕ್ಕ ಕೈ ಚಾಚಿದೆ. ನಿಲೂಫರ್ ತಡೆದಳು.
"ನನಗ ನಿದ್ದಿ ಬರ್ಲಿಕತ್ತದ. ಇದ್ದಂಗ ಇರಲಿ ಬಿಡು."

ಅದೇ ರಾತ್ರಿ, ನಮಗ ತಿಳೀದಂಗ,
ಬಯಲ ಮ್ಯಾಲ ಖರೇ ಇರಿವಿಯೊಂದು ಹಾದು ಹೋಗಿತ್ತು.
ಆರು ಫೋಟೊ. ಅರ್ಧ ಸೆಕೆಂಡು.
ಕತ್ತೆ ಉಸುರು ಬಿಡ್ತಿತ್ತು, ಕೋಳಿ ಸಂಶಯ ಪಡ್ತಿತ್ತು,
ಜೀವ ಇದ್ದದ್ದು ಅದೊಂದೇ
ಪರದೆ ಮ್ಯಾಲ ಸುಳ್ಳಾಡಿದಂಗ ಕುಣೀತಿತ್ತು.

ವೈವಾ ದಿನ ಹಳ್ಳಿಖೇಡ ಸರ್ ನಡುವ ನಿಲ್ಲಿಸಿ
ಕತ್ತೆಯ ಪಕ್ಕೆಗೆ ಪೆನ್ನು ತೋರಿಸಿದರು:
"ಮೈ ಮ್ಯಾಲ ಇದೇನು, ಗಾಳಿ ಬೀಸಿದಂಗ?"
ಬೆರಳಚ್ಚು ಸರ್.
"ಯಾರದು?"
ಇಬ್ಬರೂ ನಮ್ಮ ನಮ್ಮ ಕೈ ನೋಡ್ಕೊಂಡ್ವಿ.

ಈಗ ಮೂರೂ ಸೇರಿ ಒಂದು ಮುದ್ದಿ,
ಮುಂದಿನ ವರ್ಷದವರಿಗೆ ಅಂತ ಎತ್ತಿಟ್ಟದ್ದು.
ಎಲ್ಲೋ ಒಂದು ಸಾಸಿವಿ ಹೊರಗ ಉಳಿದದ.
ಇನ್ಸುಲಿನ್ನಿಗೆ ಅಂತ ಫ್ರಿಜ್ ತೆಗೆದಾಗೆಲ್ಲ
ನಾನಿ ಬೈತಾರಂತ:
"ಇಷ್ಟು ಥಂಡ್ಯಾಗ ಇಟ್ಟೀರಿ,
ಮ್ಯಾಲ ಒಂದು ಅರಿವಿನಾದರೂ ಹೊಚ್ಚಬಾರದಾ?"